ಬಚ್ಚಲ ನೀರು ಸಂಪಿಗೆ ಇಳಿಯುತ್ತಿದೆಯೇ? ಹಸಿರು ಬಣ್ಣ ಹೇಳುತ್ತದೆ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟುವವರು ಅಡುಗೆಮನೆಗಿಂತ ಮೊದಲು ಸಂಪಿನ ಜಾಗ ಗೊತ್ತು ಮಾಡುತ್ತಾರೆ. ಮಲಪ್ರಭೆಯ ನೀರು ಹಲವು ಬಡಾವಣೆಗಳ ನಳಕ್ಕೆ ಬರುವುದು ನಾಲ್ಕಾರು ದಿನಕ್ಕೊಮ್ಮೆ. ಬಂದಾಗ ತುಂಬಿಕೊಳ್ಳದೆ ಗತಿಯಿಲ್ಲ. ಆದರೆ ಹುಬ್ಬಳ್ಳಿ ಕಡೆಯ ನೆಲ ಹೆಚ್ಚಾಗಿ ಎರೆ ಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಬಾಯಿ ಬಿಡುವ ಈ ಮಣ್ಣು ಸಂಪಿನ ಗೋಡೆಯನ್ನೂ ಪಕ್ಕದ ಬಚ್ಚಲ ಪೈಪನ್ನೂ ವರ್ಷವಿಡೀ ಎಳೆದಾಡುತ್ತದೆ. ಎರಡರಲ್ಲೂ ಬಿರುಕು ಬಿದ್ದರೆ ಹೊಲಸು ನೀರಿಗೆ ದಾರಿ ಸಿಕ್ಕಂತೆಯೇ. ಸಂಪು ತುಂಬಿದ್ದಾಗ ಒಳಗಿನ ನೀರು ಹೊರಕ್ಕೆ ಒತ್ತುವುದರಿಂದ ಏನೂ ತಿಳಿಯುವುದಿಲ್ಲ. ತಳ ಕಾಣುವ ಹೊತ್ತಿಗೆ ಹೊರಗಿನದು ಒಳಕ್ಕೆ ಜಿನುಗಿ ವಾಸನೆ ಶುರುವಾಗುತ್ತದೆ.

ಗೌಂಡಿಯನ್ನು ಕೇಳಿದರೆ ಪೈಪಿನ ತಪ್ಪು ಎನ್ನುತ್ತಾರೆ, ಪ್ಲಂಬರ್‌ನನ್ನು ಕೇಳಿದರೆ ಗಿಲಾವಿನ ತಪ್ಪು ಎನ್ನುತ್ತಾರೆ. ಅಂಗಳ ಅಗೆಸುವ ಮೊದಲು ಒಂದು ಚಿಟಿಕೆ ಬಣ್ಣ ಖರ್ಚು ಮಾಡುವುದು ಲೇಸು.

ಬಣ್ಣ ಯಾವುದು?

ಹೆಸರು ಸೋಡಿಯಂ ಫ್ಲೋರೆಸಿನ್. ಯುರಾನಿನ್ ಎಂದೂ ಕರೆಯುತ್ತಾರೆ. ಕಾಲೇಜು ಪ್ರಯೋಗಾಲಯಗಳಿಗೆ ರಾಸಾಯನಿಕ ಒದಗಿಸುವ ಅಂಗಡಿಗಳಲ್ಲಿ ವಿಚಾರಿಸಿ. ಸೋಡಿಯಂ ಎಂಬುದನ್ನು ಒತ್ತಿ ಹೇಳಿ, ಏಕೆಂದರೆ ಬರೀ ಫ್ಲೋರೆಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ರಂಗಪಂಚಮಿಯಲ್ಲಿ ಉಳಿದ ಬಣ್ಣ ಈ ಕೆಲಸಕ್ಕೆ ಬಾರದು. ಅದು ನಾಲ್ಕು ಕೊಡ ನೀರಿಗೆ ಬಿದ್ದರೆ ಕಾಣದಂತಾಗುತ್ತದೆ. ಫ್ಲೋರೆಸಿನ್ ಹಾಗಲ್ಲ: ನೀಲಿ ಬೆಳಕನ್ನು ಹೀರಿ ಹಳದಿ-ಹಸಿರು ಬೆಳಕನ್ನು ತಾನೇ ಹೊರಸೂಸುತ್ತದೆ. ಆದ್ದರಿಂದ ಕೋಟಿಯಲ್ಲಿ ಒಂದು ಪಾಲಿದ್ದರೂ ಕತ್ತಲಲ್ಲಿ ಟಾರ್ಚಿಗೆ ಸಿಕ್ಕಿಬೀಳುತ್ತದೆ.

ಇದನ್ನು 1871ರಲ್ಲಿ ತಯಾರಿಸಿದವರು ಜರ್ಮನಿಯ ರಸಾಯನಶಾಸ್ತ್ರಜ್ಞ ಅಡಾಲ್ಫ್ ಫಾನ್ ಬೇಯರ್. ಆರೇ ವರ್ಷಗಳಲ್ಲಿ ಅದಕ್ಕೆ ನೀರಿನ ಕೆಲಸ ಸಿಕ್ಕಿತು. ಡ್ಯಾನ್ಯೂಬ್ ನದಿಯ ನೀರು ಒಂದೆಡೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂಬ ಜಗಳ ಹಳೆಯದು. 1877ರಲ್ಲಿ ಅಲ್ಲಿ 10 ಕಿಲೋ ಬಣ್ಣ ಸುರಿದರು. ಸುಮಾರು 60 ಗಂಟೆಗಳ ನಂತರ, ಹತ್ತು ಕಿಲೋಮೀಟರಿಗೂ ಆಚೆಯ ಆಖ್ ಎಂಬ ಊರಿನ ಬುಗ್ಗೆ ಹಸಿರಾಗಿ ಉಕ್ಕಿತು. ನಮ್ಮ ಅಂಗಳದ ಪರೀಕ್ಷೆಯೂ ಇಷ್ಟೇ: ಇಲ್ಲಿ ಸುರಿದದ್ದು ಅಲ್ಲಿ ಬರುತ್ತದೆಯೇ?

ಮೊದಲ ರಾತ್ರಿ, ಬಣ್ಣವಿಲ್ಲದೆ

ಮೋಟಾರು, ನಳ ಎರಡನ್ನೂ ಬಂದ್ ಮಾಡಿ, ಸಂಪಿಗೆ ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಮತ್ತೆ ನೋಡಿ. ಇಳಿದಿದ್ದರೆ ಸಂಪು ಸೋರುತ್ತಿದೆ, ಏರಿದ್ದರೆ ಏನೋ ಒಳಗೆ ಬರುತ್ತಿದೆ. ನನ್ನ ಪ್ರಕಾರ ಅರ್ಧ ಪತ್ತೆದಾರಿಕೆ ಈ ಕೋಲಿನಲ್ಲೇ ಮುಗಿಯುತ್ತದೆ.

ಬಣ್ಣದ ದಿನ

ನೀರು ಬಿಡುವ ಎರಡು ದಿನ ಮೊದಲು, ಸಂಪು ತಳ ಕಂಡಿರುವಾಗ ಮಾಡಿ. ಕುಡಿಯಲು, ಅಡುಗೆಗೆ ಬೇಕಾದ ನೀರನ್ನು ಬೇರೆ ತಂದಿಟ್ಟುಕೊಳ್ಳಿ.

ಕೈಗವಸು ಹಾಕಿಕೊಂಡು, ಫ್ಯಾನ್ ನಿಲ್ಲಿಸಿ, ಕಾಲು ಚಮಚದಷ್ಟು, ಅಂದರೆ ಸುಮಾರು ಒಂದು ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿನ ಬಾಟಲಿಗೆ ಹಾಕಿ. ಪುಡಿ ಇಟ್ಟಿಗೆಗೆಂಪು, ಗಟ್ಟಿ ದ್ರಾವಣವೂ ಕಿತ್ತಳೆ ಬಣ್ಣಕ್ಕೇ ನಿಂತಿರುತ್ತದೆ. ಮೋಸ ಹೋದೆವೆಂದು ಅಂಗಡಿಯವರಿಗೆ ಫೋನ್ ಮಾಡಬೇಡಿ. ಅದರ ಒಂದು ಹನಿಯನ್ನು ಬಿಳಿ ಬಕೆಟ್ಟಿನ ನೀರಿಗೆ ಬಿಡಿ: ಹನಿ ಕೆಳಗಿಳಿಯುತ್ತಾ ಎಳೆಎಳೆಯಾಗಿ ಬಿಚ್ಚಿಕೊಂಡು ಹಸಿರಾಗುತ್ತದೆ. ತೆಳುವಾದಷ್ಟೂ ಹೊಳಪು ಎದ್ದು ಕಾಣುತ್ತದೆ.

ಹೆಚ್ಚು ಹಾಕಿದರೆ ಹೆಚ್ಚು ಕಾಣುತ್ತದೆ ಎಂಬ ಆಸೆ ಬೇಡ. 1962ರಲ್ಲಿ ಷಿಕಾಗೋದ ಪ್ಲಂಬರುಗಳು ಹಬ್ಬದ ಸಂಭ್ರಮಕ್ಕೆ ಸುಮಾರು 45 ಕಿಲೋ ಬಣ್ಣವನ್ನು ನದಿಗೆ ಸುರಿದರು; ನದಿ ಒಂದು ವಾರ ಹಸಿರಾಗಿಯೇ ಹರಿಯಿತು. ನಿಮ್ಮ ಓಣಿಯ ಗಟಾರಕ್ಕೆ ಆ ಕೀರ್ತಿ ಬೇಡ.

ಬಚ್ಚಲಿಗೆ ಒಂದು ಲೋಟ ದ್ರಾವಣ ಸುರಿದು, ಹಿಂದೆಯೇ ಎರಡು ಬಕೆಟ್ ನೀರು ಬಿಡಿ. ಆಮೇಲೆ ಎರಡು ಗಂಟೆಗೊಮ್ಮೆ ಒಂದು ಬಕೆಟ್. ಒಂದು ದಿನಕ್ಕೆ ಒಂದೇ ಜಾಗ. ಬಚ್ಚಲು, ಸಂಡಾಸು, ಅಂಗಳದ ಚೇಂಬರ್ ಮೂರಕ್ಕೂ ಒಟ್ಟಿಗೆ ಸುರಿದರೆ ಹಸಿರು ಬಂದರೂ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ.

ಇಲ್ಲೊಂದು ಎಚ್ಚರಿಕೆ, ಬಹಳ ಮಂದಿ ಎಡವುವುದು ಇಲ್ಲೇ. ಹಿಂದಿನ ದಿನದಿಂದ ಸಂಡಾಸು ತೊಳೆಯುವ ಆ್ಯಸಿಡ್ ಆಗಲಿ, ಬ್ಲೀಚಿಂಗ್ ಪೌಡರ್ ಆಗಲಿ ಬಳಸಬಾರದು. ಆ್ಯಸಿಡ್ ತಾಗಿದರೆ ಈ ಬಣ್ಣದ ಹೊಳಪು ಅಡಗುತ್ತದೆ. ಲೋಟದ ಹಸಿರು ನೀರಿಗೆ ಲಿಂಬೆ ಹಿಂಡಿದರೆ ಮಂಕಾಗುತ್ತದೆ, ಅಡುಗೆ ಸೋಡಾ ಹಾಕಿದರೆ ಮರಳುತ್ತದೆ; ನೀವೇ ನೋಡಬಹುದು. ಕ್ಲೋರಿನ್ ತಾಗಿದರೆ ಮಾತ್ರ ಬಣ್ಣವೇ ನಾಶ, ಮರಳುವ ಮಾತಿಲ್ಲ. ಬಿಸಿಲೂ ಬೇಗ ಕೊಲ್ಲುತ್ತದೆ. ಸಿಮೆಂಟು ಕ್ಷಾರ ಗುಣದ್ದಾದ್ದರಿಂದ ಗೋಡೆಯ ಬಿರುಕಿನಲ್ಲಿ ಬಣ್ಣ ಚೆನ್ನಾಗಿಯೇ ಹೊಳೆಯುತ್ತದೆ.

ನೋಡುವುದು ಹೇಗೆ?

ಕತ್ತಲಾದ ಮೇಲೆ ಸಂಪಿನ ಮುಚ್ಚಳ ತೆರೆದು ನೀಲಿ ಬೆಳಕಿನ ಟಾರ್ಚ್ ಬಿಡಿ; ಖೋಟಾ ನೋಟು ನೋಡುವ ನೇರಳೆ ಟಾರ್ಚೂ ನಡೆಯುತ್ತದೆ. ಮೇಲಿನಿಂದಲೇ ನೋಡಿ, ಒಳಗೆ ಇಳಿಯಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಸಾಲದೆ ಜೀವ ಹೋಗಬಹುದು. ಗೋಡೆಯ ಮೇಲೆ ಹಳದಿ-ಹಸಿರು ಗೆರೆ ಇಳಿಯುತ್ತಿದ್ದರೆ ಅದರ ಮೇಲ್ತುದಿಯೇ ಬಿರುಕು. ಫೋಟೊ ತೆಗೆದಿಡಿ, ಗೌಂಡಿಗೆ ತೋರಿಸಲು ಬೇಕಾಗುತ್ತದೆ. ನೇರಳೆ ಟಾರ್ಚಿಗೆ ನೀಲಿ-ಬಿಳಿ ಹೊಳಪು ಕಂಡರೆ ಅದು ನಿಮ್ಮ ಬಣ್ಣವಲ್ಲ, ಬಟ್ಟೆ ಸೋಪಿನ ಪುಡಿಯಲ್ಲಿ ಬೆರೆಸುವ ಬಿಳುಪುಕಾರಕ. ಅದೂ ಒಂದು ಸಾಕ್ಷಿಯೇ: ಕುಡಿಯುವ ನೀರಿನಲ್ಲಿ ಸೋಪಿಗೇನು ಕೆಲಸ?

ಏನೂ ಕಾಣದಿದ್ದರೆ ಕೂಡಲೇ ಖುಷಿಪಡಬೇಡಿ. ಎರೆ ಮಣ್ಣಿನಲ್ಲಿ ನೀರು ಬಲು ನಿಧಾನ. ಮರುದಿನ ಸಂಜೆಯವರೆಗೆ ಕಾಯಿರಿ.

ಹಸಿರು ಕಂಡ ಸಂಪಿನ ನೀರನ್ನು ಕುಡಿಯಲೇಬಾರದು. ಭಯ ಬಣ್ಣದ್ದಲ್ಲ, ಅದರ ಜೊತೆ ಬಂದ ಹೊಲಸಿನದು. ಕಣ್ಣಿನ ಆಸ್ಪತ್ರೆಗಳಲ್ಲಿ ಕಣ್ಣುಗುಡ್ಡೆಯ ಗೀರು ಪತ್ತೆ ಹಚ್ಚಲು ಇದೇ ಬಣ್ಣವನ್ನು ಹಚ್ಚುತ್ತಾರೆ. ಅಕ್ಷಿಪಟಲದ ರಕ್ತನಾಳಗಳ ಚಿತ್ರ ತೆಗೆಯಲು ತೋಳಿನ ನರಕ್ಕೆ ಚುಚ್ಚುತ್ತಾರೆ, ಮರುದಿನದವರೆಗೂ ಮೂತ್ರ ಹಳದಿಯಾಗಿರುತ್ತದೆ. ಆದರೆ ಅದು ಔಷಧ ದರ್ಜೆಯದು, ಅಂಗಡಿಯ ಪುಡಿಗೆ ಆ ಶುದ್ಧಿಯಿಲ್ಲ. ಆದ್ದರಿಂದ ಸಂಪಿಗೆ ನೇರವಾಗಿ ಸುರಿಯುವುದು ಸಲ್ಲದು. ಗುಲಾಬಿ ಬಣ್ಣದ ರೋಡಮಿನ್-ಬಿ ಕೂಡ ಹೊಳೆಯುವ ಬಣ್ಣವೇ, ಯಾರಾದರೂ ಕೊಟ್ಟರೆ ಬೇಡವೆನ್ನಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಸುದ್ದಿಯಲ್ಲಿದ್ದ ಹೆಸರು ಅದೇ.

ಪೈಪು ಬದಲಿಸಿ, ಗಿಲಾವು ಒಣಗಿದ ಮೇಲೆ ಸಂಪನ್ನು ತೊಳೆಸಿ, ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಸುರಿಯುವ ಮೊದಲು ಒಮ್ಮೆ ಟಾರ್ಚ್ ಬಿಟ್ಟು, ಹಳೆಯ ಹಸಿರು ಉಳಿದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಗೌಂಡಿಯ ಬಾಕಿ ಹಣವನ್ನು ಅಲ್ಲಿಯವರೆಗೆ ಕೈಯಲ್ಲೇ ಇಟ್ಟುಕೊಳ್ಳಿ.