ಹಿಕ್ಕೆ ಎಣಿಸುವವನ ಲೆಕ್ಕ

ಎರಡು ವರ್ಷ ನಮ್ಮ ಹಟ್ಟಿಯಲ್ಲಿ ನನ್ನನ್ನು 'ಹಿಕ್ಕೆ ಡಾಕ್ಟರು' ಎಂದು ಕರೆದರು. ಆ ಡಾಕ್ಟರು ಗೌರವಕ್ಕೆ ಸೇರಿಸಿದ್ದಲ್ಲ. ಕುರಿಯ ಹಿಕ್ಕೆಯಲ್ಲಿ ಜಂತುಹುಳುವಿನ ಮೊಟ್ಟೆ ಎಣಿಸಿ, ಬೇಕಾದ ಕುರಿಗೆ ಮಾತ್ರ ಔಷಧಿ ಹಾಕುವುದು ನನ್ನ ಹುಚ್ಚು. ಈ ಮಳೆಗಾಲದಲ್ಲಿ ನನ್ನ ನೂರಾ ಹತ್ತು ಕುರಿಗಳಲ್ಲಿ ಜಂತುಹುಳುವಿಗೆ ಒಂದೂ ಸಾಯಲಿಲ್ಲ. ಔಷಧಿ ಕುಡಿಸಿದ್ದು ಮಾತ್ರ ಮೊದಲಿನ ಮೂರನೆಯ ಒಂದು ಪಾಲು. ಇನ್ನು ಬರೆಯಬಹುದು ಅನಿಸಿತು.

ಮೊದಲು ನಾನೂ ಎಲ್ಲರ ಹಾಗೆಯೇ ಇದ್ದೆ. ವರ್ಷಕ್ಕೆ ನಾಲ್ಕು ಸಲ ಮಂದೆಗೆ ಮಂದೆಯನ್ನೇ ಸಾಲಾಗಿ ನಿಲ್ಲಿಸಿ ಆಲ್ಬೆಂಡಜೋಲ್ ಎಂಬ ಜಂತುಹುಳು ಔಷಧಿ ಹಾಕುತ್ತಿದ್ದೆ. ದೊಡ್ಡ ಕುರಿಗೂ ಅದೇ ಅಳತೆ, ಬಡಕಲಿಗೂ ಅದೇ ಅಳತೆ. ಆದರೂ ಮಳೆ ಬಿಟ್ಟ ಮೇಲೆ ದವಡೆಯ ಕೆಳಗೆ ನೀರು ತುಂಬಿಕೊಂಡು ಐದಾರು ಕುರಿಗಳು ಹೋಗುತ್ತಿದ್ದವು. ಒಂದು ಕುರಿಗೆ ಹತ್ತು ಸಾವಿರ ಹಿಡಿದರೂ ವರ್ಷಕ್ಕೆ ಅರ್ಧ ಲಕ್ಷ ಮಣ್ಣುಪಾಲು. ಔಷಧಿಗೆ ಐದು ಸಾವಿರದ ಮೇಲೆ ಬೇರೆ.

ಎಣಿಸುವ ಸಾಮಾನಿಗೆ ಆದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಯಾವುದೋ ಪ್ರಯೋಗಾಲಯ ಮಾರಿದ ಹಳೆಯ ಮೈಕ್ರೋಸ್ಕೋಪ್ ನಾಲ್ಕೂವರೆ ಸಾವಿರ. ಅದರ ಕನ್ನಡಿ ಒಡೆದಿತ್ತು, ಟಾರ್ಚ್ ಇಟ್ಟುಕೊಂಡೆ. ಅಕ್ಕಸಾಲಿಗರು ಬಳಸುವಂಥ ಸಣ್ಣ ತಕ್ಕಡಿ ಮುನ್ನೂರೈವತ್ತು. ಮೊಟ್ಟೆ ಎಣಿಸಲೆಂದೇ ಎರಡು ಕೋಣೆ ಮಾಡಿರುವ ಗಾಜಿನ ಮೆಕ್‌ಮಾಸ್ಟರ್ ಸ್ಲೈಡ್‌ಗೆ ಎರಡು ಸಾವಿರ ಕೊಡಲು ಮನಸ್ಸಾಗದೆ ಮನೆಯಲ್ಲೇ ಗಾಜು ಅಂಟಿಸಿ ಮಾಡಿಕೊಂಡೆ. ಒಳಗಿನ ಎತ್ತರ ಒಂದೂವರೆ ಮಿಲಿಮೀಟರ್ ಇರಬೇಕು; ನನ್ನದರಲ್ಲಿ ಒಂದು ಮೂಲೆ ಒಂದು, ಇನ್ನೊಂದು ಮೂಲೆ ಎರಡು. ಒಂದೇ ಹಿಕ್ಕೆಯನ್ನು ಮೂರು ಸಲ ಎಣಿಸಿದರೆ ಮೂರು ಉತ್ತರ. ಕೊನೆಗೆ ದುಡ್ಡು ಕೊಟ್ಟು ಕೊಂಡೇ ತಂದೆ. ಇಲ್ಲಿ ಜುಗ್ಗತನ ಬೇಡ.

ಮೂರು ಗ್ರಾಂ ಹಿಕ್ಕೆ, ನಲವತ್ತೆರಡು ಮಿಲಿಲೀಟರ್ ಉಪ್ಪಿನ ನೀರು, ಅದರಲ್ಲಿ ತೇಲಿದ ಮೊಟ್ಟೆಗಳನ್ನು ಎರಡೂ ಕೋಣೆಯಲ್ಲಿ ಎಣಿಸಿ ಐವತ್ತರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯ ಲೆಕ್ಕ. ವಿಧಾನ ಇಷ್ಟೇ. ಗೊತ್ತಿದ್ದೂ ಮೊದಲ ಎರಡು ತಿಂಗಳು ನಾನು ಗಾಳಿಗುಳ್ಳೆಗಳನ್ನು ಎಣಿಸುತ್ತಿದ್ದೆ. ಗುಳ್ಳೆಯ ಅಂಚು ಕಪ್ಪಗೆ, ದಪ್ಪ, ಒಳಗೆ ಖಾಲಿ. ಮೊಟ್ಟೆ ಉದ್ದುದ್ದ, ತೆಳ್ಳನೆಯ ಸಿಪ್ಪೆ, ಒಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಒತ್ತಿಕೊಂಡ ಕಣಗಳು. ಒಮ್ಮೆ ಕಣ್ಣಿಗೆ ಕೂತ ಮೇಲೆ ಮರೆಯುವುದಿಲ್ಲ. ತಡಮಾಡಿದರೆ ಉಪ್ಪು ಹರಳುಗಟ್ಟಿ ಇಡೀ ಸ್ಲೈಡ್ ಗಾಜು ಚೂರಾದಂತೆ ಕಾಣುತ್ತದೆ. ಉಪ್ಪಿನ ಬದಲು ಸಕ್ಕರೆ ಪಾಕ ಒಳ್ಳೆಯದು ಎಂದು ಯಾರೋ ಹೇಳಿದರು. ಒಂದು ಕಿಲೋ ಸಕ್ಕರೆ ಹೋಯಿತು. ಸ್ಲೈಡ್ ಚೆನ್ನಾಗಿಯೇ ಬಂತು, ಜೊತೆಗೆ ಇರುವೆಗಳೂ ಬಂದವು.

ಅದಕ್ಕಿಂತ ದೊಡ್ಡ ತಪ್ಪು, ಹತ್ತು ಕುರಿಗಳ ಹಿಕ್ಕೆಯನ್ನು ಬೆರೆಸಿ ಒಂದೇ ಸಲ ನೋಡಿದ್ದು. ಗ್ರಾಂಗೆ ಏಳುನೂರರ ಆಸುಪಾಸು ಬಂತು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಯಾಕೋ ಸಮಾಧಾನವಾಗದೆ ಬೇರೆ ಬೇರೆಯಾಗಿ ನೋಡಿದೆ. ಎರಡು ಕುರಿಗಳಲ್ಲಿ ಮೂರು ಸಾವಿರದ ಹತ್ತಿರ, ಉಳಿದ ಎಂಟರಲ್ಲಿ ಇನ್ನೂರೂ ದಾಟಿಲ್ಲ! ಮಂದೆಗೆಲ್ಲ ಹುಳು ಹಂಚುತ್ತಿದ್ದದ್ದು ಆ ಎರಡೇ. ರಕ್ತ ಹೀರುವ ಹೀಮೊಂಕಸ್ ಎಂಬ ಜಂತುಹುಳುವಿನ ಹೆಣ್ಣು ದಿನಕ್ಕೆ ಐದು ಸಾವಿರಕ್ಕೂ ಮೇಲೆ ಮೊಟ್ಟೆ ಇಡುತ್ತದೆ. ಅಂಥ ಒಂದು ಕುರಿ ಹುಲ್ಲುಗಾವಲಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಆಮೇಲೆ ಆಲ್ಬೆಂಡಜೋಲನ್ನೇ ಪರೀಕ್ಷಿಸಿದೆ. ಹನ್ನೆರಡು ಕುರಿಗಳಿಗೆ ಬಣ್ಣ ಬಳಿದು, ತೂಗಿ, ಸರಿಯಾದ ಅಳತೆ ಹಾಕಿ, ಹದಿನಾಲ್ಕನೆಯ ದಿನ ಮತ್ತೆ ಎಣಿಸಿದೆ. ಮೊದಲು ಸರಾಸರಿ ಸಾವಿರದ ಎಂಟುನೂರು ಇದ್ದದ್ದು ಸಾವಿರಕ್ಕೆ ಇಳಿದಿತ್ತು, ಅಷ್ಟೆ. ನೂರಕ್ಕೆ ತೊಂಬತ್ತೈದಾದರೂ ಇಳಿಯಬೇಕು. ಅಂದರೆ ಇಷ್ಟು ವರ್ಷ ನಾನು ಬಿಳಿ ನೀರು ಕುಡಿಸುತ್ತಿದ್ದೆ. ಅಂಗಡಿಯವನಿಗೆ ಹೇಳಿದರೆ, "ನಿಮ್ಮ ಎಣಿಕೆಯೇ ತಪ್ಪು ಸ್ವಾಮಿ" ಎಂದ. ನಮ್ಮ ಪಶುವೈದ್ಯರು ಮಾತ್ರ ಸ್ಲೈಡ್ ಮೇಲೆ ಬಾಗಿ ತಾವೇ ಎಣಿಸಿದರು. ಎಣಿಸಿ, ಏನೂ ಮಾತಾಡದೆ, ಲೆವಾಮಿಸೋಲ್ ಎಂಬ ಬೇರೆ ಔಷಧಿ ಬರೆದುಕೊಟ್ಟರು. ಅದಕ್ಕೆ ಐವತ್ತರ ಹತ್ತಿರಕ್ಕೆ ಇಳಿಯಿತು. ಅದರ ಅಳತೆ ಮಿತಿ ಮೀರಿದರೆ ಕುರಿಗೇ ಅಪಾಯ, ತೂಗದೆ ಹಾಕಲೇಬೇಡಿ.

ಈಗ ಹದಿನೈದು ದಿನಕ್ಕೊಮ್ಮೆ ಕುರಿಯ ಕೆಳರೆಪ್ಪೆ ಬಿಡಿಸಿ ನೋಡುತ್ತೇನೆ; ಹುಳು ರಕ್ತ ಹೀರಿದ್ದರೆ ಅದು ಬಿಳಿಚುತ್ತದೆ. ದಕ್ಷಿಣ ಆಫ್ರಿಕಾದವರು ಇದಕ್ಕಾಗಿಯೇ ಫಮಾಚಾ ಎಂಬ ಐದು ಬಣ್ಣಗಳ ಪಟ್ಟಿ ಮಾಡಿದ್ದಾರೆ. ಕೆಂಪಿದ್ದರೆ ಬಿಡು, ಬಿಳಿಚಿದ್ದರೆ ಹಿಡಿ. ಬಿಳಿಚಿದ್ದರ ಹಿಕ್ಕೆಯನ್ನು ಮಾತ್ರ ಎಣಿಸುತ್ತೇನೆ. ಮರಿ ಹಾಕುವ ಹೊತ್ತಿನ ತಾಯಿ ಕುರಿಗಳನ್ನು ಬಣ್ಣ ಹೇಗಿದ್ದರೂ ಎಣಿಸುತ್ತೇನೆ; ಆಗ ಅವುಗಳಲ್ಲಿ ಮೊಟ್ಟೆ ಏರುತ್ತದೆ. ಹಿಕ್ಕೆಯನ್ನು ಯಾವ ಬಟ್ಟೆಯಲ್ಲಿ ಸೋಸುತ್ತೇನೆ ಎಂದು ಮಾತ್ರ ಕೇಳಬೇಡಿ. ಎಂಟು ಬಗೆ ಹಾಳುಮಾಡಿದ ಮೇಲೆ ಸಿಕ್ಕಿದ್ದು, ಅದು ನನ್ನಲ್ಲೇ ಇರಲಿ.

ಬೀಗುತ್ತಿದ್ದ ನನ್ನನ್ನು ಕೆರೆ ಇಳಿಸಿತು. ಕಳೆದ ಚಳಿಗಾಲದಲ್ಲಿ ಮೂರು ಕುರಿಗಳು ಸತ್ತವು. ಎಣಿಸಿದ್ದೆ, ನೂರೋ ನೂರೈವತ್ತೋ ಇತ್ತು, ಔಷಧಿ ಬೇಡ ಎಂದು ನಾನೇ ಬಿಟ್ಟಿದ್ದೆ. ಮೂರನೆಯದನ್ನು ಕೊಯ್ದಾಗ ಪಿತ್ತಜನಕಾಂಗದ ನಾಳಗಳಿಂದ ಎಲೆಯಂಥ ಚಪ್ಪಟೆ ಹುಳುಗಳು ಹೊರಬಂದವು. ಅಪ್ಪ ಪಕ್ಕದಲ್ಲೇ ನಿಂತಿದ್ದರು. "ನಿನ್ನ ಗಾಜಿಗೆ ಇದು ಕಾಣಲಿಲ್ಲವೇನೋ?" ಎಂದರು. ಕಾಣುವುದು ಹೇಗೆ? ಆ ಹುಳುವಿನ ಮೊಟ್ಟೆ ಭಾರ, ಉಪ್ಪಿನ ನೀರಿನಲ್ಲಿ ತೇಲುವುದೇ ಇಲ್ಲ. ನಾನು ತೇಲಿದ್ದನ್ನು ಮಾತ್ರ ಎಣಿಸುತ್ತಿದ್ದೆ.

ಈಗ ಕೆರೆಯಂಗಳದಲ್ಲಿ ಮೇಯ್ದ ಕುರಿಗಳ ಹಿಕ್ಕೆಯನ್ನು ಎತ್ತರದ ಲೋಟದಲ್ಲಿ ಕದಡಿ, ಸೋಸಿ, ತಳಕ್ಕಿಳಿಯಲು ಬಿಟ್ಟು, ಮೇಲಿನ ನೀರು ಚೆಲ್ಲಿ, ತಿಳಿಯಾಗುವ ತನಕ ತೊಳೆಯುತ್ತೇನೆ. ತಳದ ಗಸಿಗೆ ಒಂದು ಹನಿ ಮೆಥಿಲೀನ್ ಬ್ಲೂ. ಕಸವೆಲ್ಲ ನೀಲಿಯಾಗುತ್ತದೆ, ಈ ಮೊಟ್ಟೆಗಳು ಮಾತ್ರ ಹೊಂಬಣ್ಣದಲ್ಲೇ ಉಳಿಯುತ್ತವೆ. ಹೊಟ್ಟೆಯ ಚಪ್ಪಟೆ ಹುಳುವಿನ ಮೊಟ್ಟೆಗಳೂ ಇದೇ ಗಾತ್ರಕ್ಕೆ ಬರುತ್ತವೆ, ಆದರೆ ಬಣ್ಣವಿರುವುದಿಲ್ಲ. ಈ ಚಪ್ಪಟೆ ಹುಳುಗಳು ಹರಡುವುದು ಕೆರೆಯ ಬಸವನಹುಳುಗಳ ಮೂಲಕ; ಅವನ್ನು ತಿನ್ನಲೆಂದು ಆರು ಬಾತುಕೋಳಿ ತಂದು ಬಿಟ್ಟೆ. ಬಸವನಹುಳು ಎಷ್ಟು ತಿಂದವೋ ತಿಳಿಯದು, ಬಾತುಗಳನ್ನು ನಾಯಿಗಳು ತಿಂದವು. ಒಂಬೈನೂರು ರೂಪಾಯಿ.

ನೀರಿನ ಹುಚ್ಚೂ ಹತ್ತಿತ್ತು. ಮಲಿನ ನೀರು ಹಾಕಿದರೆ ಕಪ್ಪಾಗುವ ಪರೀಕ್ಷಾ ಬಾಟಲಿಗಳಿವೆಯಲ್ಲ, ಅವುಗಳಲ್ಲಿ ಹತ್ತು ತರಿಸಿದೆ. ಕುರಿ ತೊಟ್ಟಿಯದು ಮರುದಿನವೇ ಕಪ್ಪು. ಹಿಕ್ಕೆ ಬೀಳುವ ತೊಟ್ಟಿ, ಕಪ್ಪಾಗದೆ ಇನ್ನೇನು ಎಂದು ನಕ್ಕೆ. ನಮ್ಮ ಮನೆಯ ಸಂಪಿನದೂ ಕಪ್ಪಾಯಿತು, ನಗು ನಿಂತಿತು. ಮುಚ್ಚಳದ ಬಿರುಕು ಮುಚ್ಚಿ, ತೊಳೆದು, ಬ್ಲೀಚಿಂಗ್ ಪುಡಿ ಹಾಕಿದ ಮೇಲೆ ತುಂಬಿದ ಬಾಟಲಿ ಮೂರು ದಿನ ಇಟ್ಟರೂ ಹಾಗೇ ಇತ್ತು. ಅಂದಿನಿಂದ ನನ್ನ ಹಿಕ್ಕೆ ಡಬ್ಬಿಗೆ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಜಾಗ ಸಿಕ್ಕಿದೆ. ಮೂರು ಮುಚ್ಚಳ ಹಾಕಿರಬೇಕು ಎನ್ನುವುದು ಹೆಂಡತಿಯ ಷರತ್ತು.

'ಹಿಕ್ಕೆ ಡಾಕ್ಟರು' ಎಂದು ಹೆಸರಿಟ್ಟು ಕರೆದವರಲ್ಲಿ ಮೊದಲಿಗರಾದ ಪಕ್ಕದ ಹಟ್ಟಿಯ ಮಾವ ಮೊನ್ನೆ ಮೊಪೆಡ್‌ನ ಹ್ಯಾಂಡಲ್‌ಗೆ ಒಂದು ಕವರ್ ನೇತುಹಾಕಿಕೊಂಡು ಬಂದರು. ಬಿಸಿಲಿನಲ್ಲಿ ಒಂದು ದಿನ ಪೂರ್ತಿ ಕಳೆದ ಹಿಕ್ಕೆ. ಸ್ಲೈಡ್‌ಗೆ ಹಾಕಿದೆ: ಮೊಟ್ಟೆ ಬೆರಳೆಣಿಕೆ, ಉಳಿದವೆಲ್ಲ ಒಡೆದು ಮರಿಹುಳುಗಳು ಒದ್ದಾಡುತ್ತಿವೆ. ಅವರಿಗೂ ತೋರಿಸಿದೆ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ನಾಳೆ ಬೆಳಿಗ್ಗೆ ಕುರಿಯಿಂದ ನೇರವಾಗಿ ತೆಗೆದು, ಬಿಸಿ ಆರುವ ಮೊದಲು ತನ್ನಿ ಎಂದು ಹೇಳಿ ಕಳಿಸಿದ್ದೇನೆ. ಒಂದಕ್ಕೆ ಇಪ್ಪತ್ತು ರೂಪಾಯಿ ಎಂದೂ ಹೇಳಿದ್ದೇನೆ.