ಈಜುಕೊಳ ಇರುವ ಮನೆ ತಗೋಬೇಕಾ? ಮೊದಲು ನೀರಿನ ಲೆಕ್ಕ ಹಾಕಿ

ಸರ್ಜಾಪುರ ರಸ್ತೆ, ದೇವನಹಳ್ಳಿ, ಕನಕಪುರ ರಸ್ತೆ ಕಡೆ ಮಾರಾಟಕ್ಕಿರುವ ವಿಲ್ಲಾಗಳ ಫೋಟೋ ನೋಡಿ. ಮೊದಲ ಫೋಟೋ ಅಡುಗೆಮನೆಯದ್ದಲ್ಲ, ಹಾಲ್‌ನದ್ದೂ ಅಲ್ಲ, ನೀಲಿ ನೀರಿನದ್ದು. ಅದನ್ನು ನೋಡಿದ ಮೇಲೆ ಮನೆಯ ಗೋಡೆ ಬಿರುಕು ಬಿಟ್ಟಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಹಾಗಾಗಿ ಮನೆ ನೋಡಲು ಹೋಗುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಕೊಳಕ್ಕೆ ಮಣ್ಣು ತುಂಬಿ ಮೇಲೆ ಹುಲ್ಲು ಹಾಕಿದ್ದರೆ, ಇದೇ ಬೆಲೆಗೆ ಈ ಮನೆ ತಗೊಳ್ತಿದ್ರಾ? ಇಲ್ಲ ಅಂತಾದರೆ ಅಲ್ಲಿಗೆ ಬಿಡಿ. ಹೌದು ಅಂತಾದರೆ ಮಾತ್ರ ಮುಂದಿನ ಲೆಕ್ಕ. ನನ್ನ ಪ್ರಕಾರ ಈಜುಕೊಳ ಆಸ್ತಿ ಅಲ್ಲ, ಮನೆಯ ಜೊತೆಗೆ ಬರುವ ತಿಂಗಳ ಖರ್ಚು. ಹಾಗೆ ನೋಡಿದರೆ ತೀರ್ಮಾನ ಅರ್ಧ ಸುಲಭ.

ಮೊದಲು ನೀರು. ವಿಲ್ಲಾಗಳಲ್ಲಿ ಕಾಣುವ ಸಣ್ಣ ಕೊಳವನ್ನೇ ತಗೊಳ್ಳೋಣ: 20 ಅಡಿ ಉದ್ದ, 10 ಅಡಿ ಅಗಲ, ಸರಾಸರಿ 4 ಅಡಿ ಆಳ. ಗುಣಿಸಿದರೆ 800 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್, ಅಂದರೆ ಒಟ್ಟು 22,000 ಲೀಟರ್ ದಾಟುತ್ತದೆ. 12,000 ಲೀಟರಿನ ಟ್ಯಾಂಕರ್ ಎರಡು ಬಂದರೆ ತುಂಬುತ್ತದೆ. 2024ರ ಮಾರ್ಚ್‌ನಲ್ಲಿ, ನೀರಿನ ಅಭಾವ ಇದ್ದಾಗ, ಬೆಂಗಳೂರು ನಗರ ಜಿಲ್ಲಾಡಳಿತ 5 ಕಿ.ಮೀ. ಒಳಗಿನ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ದರ ನಿಗದಿ ಮಾಡಿತ್ತು. ಆ ದರಕ್ಕೆ ಎಷ್ಟು ಜನರಿಗೆ ಸಿಕ್ಕಿತು ಅಂತ ಆ ಬೇಸಿಗೆಯನ್ನು ಬೆಂಗಳೂರಿನಲ್ಲಿ ಕಳೆದವರನ್ನೇ ಕೇಳಿ.

ಈ ನೀರನ್ನು ತಿಂಗಳು ತಿಂಗಳು ಬದಲಾಯಿಸಬೇಕಾಗಿಲ್ಲ. ಸರಿಯಾಗಿ ನೋಡಿಕೊಂಡರೆ ಅದೇ ನೀರು ಬಹಳ ಕಾಲ ನಡೆಯುತ್ತದೆ. ಆದರೆ ದಿನಾ ಸ್ವಲ್ಪ ಸ್ವಲ್ಪ ಹೋಗುತ್ತಲೇ ಇರುತ್ತದೆ. ಬಿಸಿಲಿಗೆ ದಿನಕ್ಕೆ 5 ಮಿ.ಮೀ. ಆವಿಯಾದರೂ ಇಷ್ಟು ಅಗಲದ ಕೊಳದಿಂದ 90 ಲೀಟರ್ ಹೋಯಿತು, ತಿಂಗಳಿಗೆ 2,700 ಲೀಟರ್. ಮಕ್ಕಳು ಎಗರಾಡಿ ಚೆಲ್ಲುವುದು ಬೇರೆ. ಫಿಲ್ಟರ್ ತೊಳೆಯಲು ಪ್ರತಿ ಸಲ ಕೆಲವು ನೂರು ಲೀಟರ್ ಹೊರಗೆ ಬಿಡಬೇಕು, ಅದೂ ಬೇರೆ.

ಆ ನೀರು ಎಲ್ಲಿಂದ ಬರುತ್ತದೆ ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದು ಅಂತ ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತ್ತು. ಮಳೆ ಕೈಕೊಟ್ಟ ವರ್ಷ ಅಂಥ ಆದೇಶ ಮತ್ತೆ ಬರಬಹುದು. ಆದ್ದರಿಂದ 2024ರ ಏಪ್ರಿಲ್‌ನಲ್ಲಿ ಈ ಕೊಳ ತುಂಬಿತ್ತಾ ಅಂತ ಕೇಳಿ. ಮನೆಯವರನ್ನಲ್ಲ, ಗೇಟಿನ ಸೆಕ್ಯುರಿಟಿಯವರನ್ನೋ ತೋಟದ ಕೆಲಸದವರನ್ನೋ ಕೇಳಿ. "ಅಣ್ಣಾ, ಬೇಸಿಗೇಲಿ ಇಲ್ಲಿಗೆ ಟ್ಯಾಂಕರ್ ಬರ್ತಿತ್ತಾ? ವಾರಕ್ಕೆ ಎಷ್ಟು?" ಅಂದರೆ ಸಾಕು, ಬ್ರೋಕರ್ ಎರಡು ಗಂಟೆ ಮಾತಾಡಿದರೂ ಸಿಗದ ಮಾಹಿತಿ ಎರಡು ನಿಮಿಷದಲ್ಲಿ ಸಿಗುತ್ತದೆ. ಗೇಟೆಡ್ ಲೇಔಟ್ ಆದರೆ ಅಸೋಸಿಯೇಷನ್ ನಿಯಮ ನೋಡಿ. ನೀರಿಗೆ ಮನೆಮನೆಗೂ ಮೀಟರ್ ಇದ್ದು, ಬಳಕೆ ಜಾಸ್ತಿ ಆದಂತೆ ದರವೂ ಏರುವ ಕಡೆ ಕೊಳ ಇಟ್ಟುಕೊಂಡವರ ಬಿಲ್ ಬೇರೆಯದೇ ಕಥೆ.

ಬೋರ್‌ವೆಲ್ ಇದೆಯಲ್ಲ ಅಂತೀರಾ? ನಮ್ಮ ಕಡೆ ಬೋರ್ ನೀರು ಬಹಳ ಕಡೆ ಗಡಸು. ಟೈಲ್ಸ್ ಮೇಲೆ ನೀರು ನಿಲ್ಲುವ ಗೆರೆಯಲ್ಲಿ ಬಿಳಿ ಪಟ್ಟೆ ಕಟ್ಟುತ್ತದೆ, ಪೈಪಿನೊಳಗೂ ಕಟ್ಟುತ್ತದೆ. ಕಬ್ಬಿಣದ ಅಂಶ ಇರುವ ನೀರಾದರೆ ಕ್ಲೋರಿನ್ ಹಾಕಿದ ತಕ್ಷಣ ಕಂದು ಬಣ್ಣಕ್ಕೆ ತಿರುಗುತ್ತದೆ, ನೋಡಿದರೆ ಟೀ ಡಿಕಾಕ್ಷನ್. ಒಂದು ಬಾಟಲಿ ನೀರು ತುಂಬಿಕೊಂಡು ಹೋಗಿ ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಿ, ದೊಡ್ಡ ಖರ್ಚೇನಲ್ಲ.

ಕರೆಂಟಿನ ಲೆಕ್ಕ ಇಷ್ಟು ಭಯಂಕರ ಅಲ್ಲ. 1 ಎಚ್‌ಪಿ ಮೋಟರ್ ದಿನಕ್ಕೆ ಆರು ಗಂಟೆ ಓಡಿದರೆ ನಾಲ್ಕೂವರೆ ಯೂನಿಟ್, ತಿಂಗಳಿಗೆ 135. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 800 ಚಿಲ್ಲರೆ. ಆದರೆ ಮನೆಯ ಬಳಕೆಗೆ ಈ 135 ಸೇರಿದರೆ ಗೃಹಜ್ಯೋತಿಯ 200 ಯೂನಿಟ್ ಗಡಿ ಸುಲಭವಾಗಿ ದಾಟಿಬಿಡುತ್ತದೆ. ವಿಲ್ಲಾ ತಗೊಳ್ಳುವವರಿಗೆ ಗೃಹಜ್ಯೋತಿ ಯಾಕೆ ಅಂತ ನೀವು ಕೇಳಬಹುದು, ಕೇಳಿ, ಪರವಾಗಿಲ್ಲ.

ನಿಜವಾಗಿ ತಲೆ ತಿನ್ನುವುದು ಕೆಲಸ. ವಾರಕ್ಕೆರಡು ಸಲ ಯಾರಾದರೂ ಎಲೆ ಎತ್ತಬೇಕು, ಗೋಡೆ ಉಜ್ಜಬೇಕು, ತಳದ ಕೊಳೆ ಎಳೆಯಬೇಕು, ಔಷಧಿ ಹಾಕಬೇಕು. ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) 7.2ರಿಂದ 7.8ರೊಳಗೆ, ಕ್ಲೋರಿನ್ 1ರಿಂದ 3 ಪಿಪಿಎಂ, ಅಂದರೆ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕು. ಜನ ಇಟ್ಟುಕೊಳ್ಳುವುದು ಕಷ್ಟ, ಬಂದವರು ಒಂದು ತಿಂಗಳು ನಾಪತ್ತೆ ಆದರೆ ಕೊಳ ಹಸಿರಾಗುತ್ತದೆ, ಆಮೇಲೆ ಅದನ್ನು ನೀಲಿ ಮಾಡಲು ಮತ್ತೆ ದುಡ್ಡು. ನೀವೇ ಮಾಡುವುದಾದರೆ ಒಂದು ಮಾತು ನೆನಪಿರಲಿ: ಆ್ಯಸಿಡ್ ಮತ್ತು ಕ್ಲೋರಿನ್ ಪುಡಿ ಯಾವತ್ತೂ ಒಂದೇ ಬಕೆಟ್‌ಗೆ ಹಾಕಬೇಡಿ, ಅಕ್ಕಪಕ್ಕ ಇಡಲೂ ಬೇಡಿ, ಬರುವ ಗ್ಯಾಸ್ ವಿಷ. ಆಸುಪಾಸಿನಲ್ಲಿ ಕೊಳ ಇರುವ ಮನೆಗಳಿದ್ದರೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಅಂತ ಕೇಳಿ. ಆ ಮೊತ್ತವನ್ನು ಹನ್ನೆರಡರಿಂದ ಗುಣಿಸಿ, ಅದಕ್ಕೆ ನೀರು, ಕರೆಂಟ್, ರಿಪೇರಿ ಸೇರಿಸಿ, ಒಂದು ಚೀಟಿಯಲ್ಲಿ ಬರೆದು ಮನೆಯವರ ಮುಂದೆ ಇಡಿ.

ಈಗ ಮನೆ ನೋಡುವುದು. ಮೊದಲ ಸಲ ಹೇಳಿಯೇ ಹೋಗಿ, ಎರಡನೇ ಸಲ ಹೋಗುವ ದಿನ ಬೆಳಗ್ಗೆಯಷ್ಟೇ ಫೋನ್ ಮಾಡಿ. ಹೇಳಿ ಹೋದ ದಿನ ಎಲ್ಲ ಕೊಳವೂ ಚೆಂದವೇ. ಕಣ್ಣು ಉರಿಯುವಷ್ಟು ಕ್ಲೋರಿನ್ ವಾಸನೆ ಬಂದರೆ "ಪರವಾಗಿಲ್ಲ, ಕ್ಲೀನ್ ಇಟ್ಟಿದ್ದಾರೆ" ಅಂದುಕೊಳ್ಳಬೇಡಿ. ಬೆವರು, ಮೂತ್ರ, ಕೊಳೆಯ ಜೊತೆ ಕ್ಲೋರಿನ್ ಸೇರಿದಾಗ ಬರುವ ವಾಸನೆ ಅದು. ಚೆನ್ನಾಗಿರುವ ಕೊಳ ಅಷ್ಟು ನಾರುವುದಿಲ್ಲ.

ಕೊಳದ ಹತ್ತಿರ ಜಾಸ್ತಿ ಹೊತ್ತು ನಿಲ್ಲಬೇಡಿ, ಪಂಪ್ ರೂಮಿಗೆ ಹೋಗಿ. ಸಾಮಾನ್ಯವಾಗಿ ಅದು ಮನೆಯ ಹಿಂದೆ, ಬಗ್ಗಿ ಹೋಗಬೇಕಾದ ಒಂದು ಗೂಡು. ಮೊಬೈಲ್ ಟಾರ್ಚ್ ಹಾಕಿ. ಪೈಪ್ ಜಾಯಿಂಟುಗಳಲ್ಲಿ ಬಿಳಿ ಉಪ್ಪು ಗಟ್ಟಿದ್ದರೆ ಅಲ್ಲಿ ಒಸರುತ್ತಿದೆ. ನೆಲ ಒದ್ದೆ ಇದ್ದರೆ ಯಾಕೆ ಅಂತ ಕೇಳಿ. ಸ್ಯಾಂಡ್ ಫಿಲ್ಟರ್ ಮೇಲೆ ಒಂದು ಒತ್ತಡದ ಮೀಟರ್ ಇರುತ್ತದೆ. ಮೋಟರ್ ಹಾಕಿಸಿ ಮುಳ್ಳು ನೋಡಿ, ಆಮೇಲೆ ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಫಿಲ್ಟರ್ ತೊಳೆಯುವುದು) ಮಾಡಿಸಿ ಮತ್ತೆ ನೋಡಿ. ಹೊರಗೆ ಬರುವ ಕೊಳಕು ನೀರು ತಿಳಿಯಾದ ಮೇಲೂ ಮುಳ್ಳು ಕೆಳಗಿಳಿಯದಿದ್ದರೆ ಒಳಗಿನ ಮರಳು ಗಟ್ಟಿಯಾಗಿರಬಹುದು, ಇಲ್ಲವೇ ಮೀಟರೇ ಕೆಟ್ಟಿರಬಹುದು. ಮರಳು ಯಾವಾಗ ಬದಲಾಯಿಸಿದ್ದು ಅಂತ ಕೇಳಿದಾಗ ಮಾಲೀಕರು ಬ್ರೋಕರ್ ಮುಖ ನೋಡಿದರೆ ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ.

ಸೋರಿಕೆ ಪತ್ತೆಗೆ ಬಕೆಟ್ ಪರೀಕ್ಷೆ ಮಾಡಿ. ಒಂದು ಬಕೆಟ್‌ಗೆ ಕೊಳದ ನೀರನ್ನೇ ತುಂಬಿ, ಕೊಳದ ಮೆಟ್ಟಿಲ ಮೇಲೆ ಮುಕ್ಕಾಲು ಮುಳುಗುವಂತೆ ಇಡಿ. ಬಕೆಟ್ ಒಳಗಿನ ನೀರಿನ ಮಟ್ಟಕ್ಕೆ ಒಂದು ಗೆರೆ, ಹೊರಗೆ ಕೊಳದ ನೀರಿನ ಮಟ್ಟಕ್ಕೆ ಒಂದು ಗೆರೆ ಹಾಕಿ. ಒಂದು ದಿನ ಯಾರೂ ಇಳಿಯಬಾರದು, ನೀರು ಬಿಡಬಾರದು. ಬಿಸಿಲಿಗೆ ಎರಡೂ ಕಡೆ ಒಂದೇ ಅಳತೆ ಇಳಿಯಬೇಕು. ಕೊಳದ್ದು ಜಾಸ್ತಿ ಇಳಿದಿದ್ದರೆ ಸೋರುತ್ತಿದೆ. ಮೋಟರ್ ನಿಲ್ಲಿಸಿ ಒಂದು ದಿನ, ಓಡಿಸಿ ಒಂದು ದಿನ ಮಾಡಿ. ಓಡಿಸಿದಾಗ ಮಾತ್ರ ಜಾಸ್ತಿ ಇಳಿದರೆ ತೊಂದರೆ ಪೈಪಿನಲ್ಲಿರಬಹುದು. ಎರಡೂ ದಿನ ಬಕೆಟ್‌ಗಿಂತ ಜಾಸ್ತಿ ಇಳಿದರೆ ಕೊಳದ ಗೋಡೆಯನ್ನೋ ತಳವನ್ನೋ ಸಂಶಯಪಡಿ. ಅದರ ರಿಪೇರಿ ಅಂದರೆ ನೀರು ಖಾಲಿ ಮಾಡಿ, ಟೈಲ್ಸ್ ಕಿತ್ತು, ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸುವುದು. ಇದಕ್ಕೆ ಎರಡು ದಿನ ಬಿಡಲು ಮಾರುವವರು ಒಪ್ಪದಿದ್ದರೆ ನೀವೂ ಅಡ್ವಾನ್ಸ್ ಕೊಡಲು ಒಪ್ಪಬೇಡಿ.

ಟೆರೇಸ್ ಮೇಲೆ ಕೊಳ ಇದ್ದರೆ? ನನ್ನನ್ನು ಕೇಳಿದರೆ ಬೇಡವೇ ಬೇಡ. 22,000 ಲೀಟರ್ ಅಂದರೆ 22 ಟನ್ ಭಾರ ತಲೆಯ ಮೇಲೆ. ಅದನ್ನು ಲೆಕ್ಕ ಹಾಕಿಯೇ ಪಿಲ್ಲರ್ ಹಾಕಿದ್ದಾರಾ ಅನ್ನುವುದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇರುವ ಡ್ರಾಯಿಂಗ್ ಬೇಕು, ಬಾಯಿಮಾತು ಸಾಲದು. ಕೆಳಗಿನ ರೂಮಿನ ಸೀಲಿಂಗ್‌ಗೆ ಹೊಸದಾಗಿ ಪೇಂಟ್ ಹೊಡೆದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ.

ಮಂಗಳೂರು, ಉಡುಪಿ ಕಡೆಯವರಿಗೆ ತೊಂದರೆ ಬೇರೆ. ಅಲ್ಲಿ ವರ್ಷವಿಡೀ ಸೆಖೆ, ಕೊಳ ನಿಜವಾಗಿ ಬಳಕೆಯಾಗುತ್ತದೆ, ಅದು ಒಳ್ಳೆಯದು. ಆದರೆ ಮಳೆಗಾಲದಲ್ಲಿ ನೆಲದ ನೀರು ಮೇಲೆ ಬಂದಾಗ ಕೊಳ ಖಾಲಿ ಮಾಡಿದರೆ ಕೆಳಗಿನ ಒತ್ತಡಕ್ಕೆ ತಳ ಬಿರಿಯಬಹುದು, ಫೈಬರ್ ಕೊಳವಾದರೆ ಇಡಿಯಾಗಿ ಮೇಲೇಳಬಹುದು. ರಿಪೇರಿ ಏನಿದ್ದರೂ ಬೇಸಿಗೆಯಲ್ಲಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೇಲೆ ಹೇಳಿದ ಲೆಕ್ಕವೆಲ್ಲ ಆಮೇಲೆ. ಕೊಳದ ಸುತ್ತ ಕನಿಷ್ಠ 4 ಅಡಿ ಬೇಲಿ, ತಾನಾಗಿ ಮುಚ್ಚಿ ಚಿಲಕ ಬೀಳುವ ಗೇಟು ಬೇಕು. ಹಾಲ್‌ನಿಂದ ನೇರ ಕೊಳಕ್ಕೆ ತೆರೆಯುವ ಗಾಜಿನ ಬಾಗಿಲು ಫೋಟೋದಲ್ಲಿ ಸೊಗಸು, ಎರಡು ವರ್ಷದ ಮಗು ಇರುವ ಮನೆಗೆ ಅಲ್ಲ. ದೊಡ್ಡವರಿಗೂ ಅಪಾಯ ಇದ್ದೇ ಇದೆ. 2024ರ ನವೆಂಬರ್‌ನಲ್ಲಿ ಮಂಗಳೂರು ಹತ್ತಿರದ ಉಚ್ಚಿಲದಲ್ಲಿ ಮೈಸೂರಿನ ಮೂವರು ಯುವತಿಯರು ರೆಸಾರ್ಟ್ ಕೊಳದಲ್ಲಿ ಮುಳುಗಿ ಸತ್ತರು. ನಿಮ್ಮ ಮನೆಗೆ ಬರುವ ನೆಂಟರಲ್ಲೂ ಎಷ್ಟು ಜನಕ್ಕೆ ಈಜು ಬರುತ್ತದೆ?

ವೈರಿಂಗನ್ನು ಎಲೆಕ್ಟ್ರಿಷಿಯನ್ ಕರೆದುಕೊಂಡು ಹೋಗಿಯೇ ನೋಡಿಸಿ. 2023ರ ಡಿಸೆಂಬರ್‌ನಲ್ಲಿ ವರ್ತೂರಿನ ಅಪಾರ್ಟ್‌ಮೆಂಟ್ ಒಂದರ ಈಜುಕೊಳದ ಬಳಿ ಕರೆಂಟ್ ಹೊಡೆದು ಹುಡುಗಿಯೊಬ್ಬಳು ಸತ್ತಿದ್ದಳು. ನೀರಿನೊಳಗಿನ ಲೈಟು 12 ವೋಲ್ಟಿನದ್ದಾ, ಅರ್ತಿಂಗ್ ಸರಿ ಇದೆಯಾ, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಹಾಕಿದ್ದಾರಾ ನೋಡಿಸಿ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಟಪ್ ಅಂತ ಬೀಳಬೇಕು. ಬೀಳದಿದ್ದರೆ ಅದು ಗೋಡೆಗೆ ಅಂಟಿಸಿದ ಡಬ್ಬಿ ಅಷ್ಟೇ.

ಕಾಗದಪತ್ರ ಬೇಗ ಮುಗಿಯುವ ಕೆಲಸ. ಮಂಜೂರಾದ ನಕ್ಷೆಯಲ್ಲಿ ಕೊಳ ಇದೆಯಾ, ಸೆಟ್‌ಬ್ಯಾಕ್ ಜಾಗದಲ್ಲಿ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಕಟ್ಟಿದ್ದಾರಾ, ವಕೀಲರಿಗೆ ತೋರಿಸಿ. ಸಾಲ ತಗೊಳ್ಳುವುದಾದರೆ ಬ್ಯಾಂಕಿನಿಂದ ಬರುವ ವ್ಯಾಲ್ಯುಯರ್ ಕೊಳಕ್ಕೆ ಎಷ್ಟು ಬೆಲೆ ಕಟ್ಟಿದರು ಅಂತ ಕೇಳಿ, ಮಾರುವವರು ಹೇಳಿದ್ದಕ್ಕೂ ಅದಕ್ಕೂ ಹೋಲಿಸಿ ನೋಡಿ.

ಹಾಗಾದರೆ ಯಾರು ತಗೋಬೇಕು? ದಿನಾ ಇಳಿಯುವವರು ಇದ್ದರೆ ಸಂತೋಷವಾಗಿ ತಗೊಳ್ಳಿ. ಮಂಡಿನೋವಿಗೆ ನೀರಿನಲ್ಲಿ ನಡೆಯುವ ಅಪ್ಪ ಅಮ್ಮ ಇರುವ ಮನೆ, ಮಕ್ಕಳು ಶಾಲೆಯಿಂದ ಬಂದು ನೇರ ನೀರಿಗೆ ಬೀಳುವ ಮನೆ, ಇಲ್ಲಿ ಖರ್ಚು ದಂಡ ಅಲ್ಲ. ಆದರೆ ಈಜು ವ್ಯಾಯಾಮಕ್ಕಾಗಿ ಅನ್ನುವವರಿಗೆ 20 ಅಡಿ ಏನೇನೂ ಸಾಲದು, ನಾಲ್ಕು ಸಲ ಕೈ ಬೀಸಿದರೆ ಗೋಡೆ. ಅಂಥವರು ಬಸವನಗುಡಿ ಅಕ್ವಾಟಿಕ್ ಸೆಂಟರೋ ಸದಾಶಿವನಗರದ ಕೆ.ಸಿ. ರೆಡ್ಡಿ ಈಜುಕೊಳವೋ ಹತ್ತಿರ ಇದ್ದರೆ ಅಲ್ಲಿಗೆ ಹೋಗುವುದು ಒಳ್ಳೆಯದು. ಇನ್ನು ಬೆಂಗಳೂರಿನ ಡಿಸೆಂಬರ್, ಜನವರಿಯಲ್ಲಿ ಬಿಸಿ ಮಾಡದ ನೀರಿಗೆ ಬೆಳಗ್ಗೆ ಆರಕ್ಕೆ ಇಳಿಯುತ್ತೇನೆ ಅನ್ನುವವರು ಒಮ್ಮೆ ಕಾಲಿಟ್ಟು ನೋಡಿ ಹೇಳಿ. ಫಾರ್ಮ್‌ಹೌಸ್‌ನಲ್ಲಿ ತಿಂಗಳಿಗೊಮ್ಮೆ ಹೋಗಿ ಬರುವವರಿಗಂತೂ ಬೇಡ. ನೋಡಿಕೊಳ್ಳುವವರಿಲ್ಲದ ಕೊಳ ಸೊಳ್ಳೆ ಸಾಕುವ ತೊಟ್ಟಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೂ ದಂಡ ಹಾಕುವ ನಿಯಮ ತಂದಿದೆ.

ಮನೆ ಇಷ್ಟ, ಕೊಳ ಬೇಡ ಅನ್ನುವವರಿಗೆ ಎರಡು ದಾರಿ. ಒಂದು, ಮುಚ್ಚಿಸುವುದು. ಸುಮ್ನೆ ಮಣ್ಣು ಸುರಿದರೆ ಒಳಗೆ ಮಳೆನೀರು ನಿಂತು ಕೆಸರಾಗುತ್ತದೆ, ಮೊದಲು ತಳಕ್ಕೆ ತೂತು ಹೊಡೆಸಿ. ಇನ್ನೊಂದು, ನನಗೆ ಹೆಚ್ಚು ಇಷ್ಟವಾದದ್ದು: ಮೇಲೆ ಸ್ಲ್ಯಾಬ್ ಹಾಕಿ ಮಳೆನೀರಿನ ತೊಟ್ಟಿ ಮಾಡಿಕೊಳ್ಳುವುದು. 1,000 ಚದರ ಅಡಿ ಚಾವಣಿ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು, ಅಂಥ ಐದು ಮಳೆಗೆ ಈ ಕೊಳ ತುಂಬುತ್ತದೆ. ಎರಡಕ್ಕೂ ಕಂಟ್ರಾಕ್ಟರ್ ಹತ್ತಿರ ಬರಹದಲ್ಲಿ ಎಸ್ಟಿಮೇಟ್ ತಗೊಳ್ಳಿ. ಬೆಲೆ ಮಾತಾಡಲು ಕೂತಾಗ ಅದನ್ನು ಮಾರುವವರ ಮುಂದೆ ಇಟ್ಟು ಅಷ್ಟು ಮೊತ್ತ ಕಡಿಮೆ ಮಾಡಿಸಿಕೊಳ್ಳಿ. ಕೊಳ ಇಟ್ಟುಕೊಳ್ಳುವವರಾದರೆ, ನೋಂದಣಿಗೆ ಮೊದಲು ಬಕೆಟ್ ಪರೀಕ್ಷೆಯಲ್ಲಿ ಸೋರಿಕೆ ಕಂಡರೆ ರಿಪೇರಿ ಖರ್ಚು ಮಾರುವವರದ್ದು ಅಂತ ಸೇಲ್ ಅಗ್ರಿಮೆಂಟ್‌ನಲ್ಲೇ ಬರೆಸಿ.