ಹಕ್ಕಿ ಫೋಟೋ ನೋಡಿ ಏನು ಹೇಳಬೇಕು, ಹೇಳಿದ್ದನ್ನು ಹೇಗೆ ಕೇಳಬೇಕು

ಗಂಗಾವತಿಯಲ್ಲಿ ನಾವು ಐದು ಜನ ಭಾನುವಾರ ನಸುಕಿನಲ್ಲಿ ಕ್ಯಾಮೆರಾ ಹಿಡಿದು ಹೊರಡುತ್ತೇವೆ. ತುಂಗಭದ್ರಾ ಎಡದಂಡೆ ಕಾಲುವೆ, ಅದರ ಪಕ್ಕದ ಭತ್ತದ ಗದ್ದೆಗಳು, ಅಷ್ಟೇ ನಮ್ಮ ಜಾಗ. ಒಂಬತ್ತಕ್ಕೆಲ್ಲ ಬಿಸಿಲು ಏರುತ್ತದೆ. ಆಮೇಲೆ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿ ತಿನ್ನುತ್ತಾ ಒಬ್ಬರ ಫೋಟೋ ಇನ್ನೊಬ್ಬರು ನೋಡುತ್ತೇವೆ. ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು. ಫೋಟೋ ತೆಗೆಯುವುದನ್ನು ಅರ್ಧ ಗದ್ದೆಯಲ್ಲಿ ಕಲಿತೆ, ಅರ್ಧ ಆ ಟೇಬಲ್ ಸುತ್ತ ಕೂತು ಕಲಿತೆ.

ಮೊದಲ ವರ್ಷ ಆ ಟೇಬಲ್‌ನಲ್ಲಿ ಎರಡೇ ಮಾತು ಇದ್ದವು. 'ಭಾಳ ಚಲೋ ಬಂದೈತಿ', ಇಲ್ಲಾ 'ಶಾರ್ಪ್ ಇಲ್ಲ ಬಿಡ್ರಿ'. ಎರಡರಿಂದಲೂ ಯಾರ ಫೋಟೋನೂ ಸುಧಾರಿಸಲಿಲ್ಲ. ಒಮ್ಮೆ ಟ್ರ್ಯಾಕ್ಟರ್ ರಿಪೇರಿ ಕೆಲಸದ ಹುಡುಗ ತಂದ ಬೆಳ್ಳಕ್ಕಿ ಫೋಟೋಗೆ ನಾನೇ 'ಇದು ವೇಸ್ಟ್' ಅಂದುಬಿಟ್ಟೆ. ಅವನು ಎರಡು ತಿಂಗಳು ನಮ್ಮ ಕಡೆ ಬರಲಿಲ್ಲ. ಅದು ನನಗೆ ಇನ್ನೂ ಚುಚ್ಚುತ್ತದೆ. ಅವತ್ತಿನಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ: ಮುಂದಿನ ಭಾನುವಾರ ಅವರು ಮಾಡಿ ನೋಡಬಹುದಾದ ಒಂದು ಕೆಲಸ ನನ್ನ ಮಾತಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ನಾನು ಬಾಯಿ ತೆರೆಯುವುದಿಲ್ಲ.

ಆ ಬೆಳ್ಳಕ್ಕಿಯನ್ನೇ ತೆಗೆದುಕೊಳ್ಳಿ. ಕಡು ಹಸಿರು ಗದ್ದೆ, ನಡುವೆ ಚಿಕ್ಕ ಬಿಳಿ ಹಕ್ಕಿ. ಕ್ಯಾಮೆರಾ ಗದ್ದೆಯ ಕತ್ತಲೆಗೆ ಹೊಂದಿಸಿ ಬೆಳಕು ಜಾಸ್ತಿ ತೆಗೆದುಕೊಂಡಿತ್ತು. ಹಕ್ಕಿಯ ಮೈ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ, ಒಂದು ಗರಿಯೂ ಕಾಣುತ್ತಿರಲಿಲ್ಲ. ನಾನು ಹೇಳಬೇಕಿದ್ದದ್ದು ಇಷ್ಟು: 'ಹಕ್ಕಿ ನಿಂತ ಭಂಗಿ ಚೆನ್ನಾಗಿ ಸಿಕ್ಕಿದೆ. ಬಿಳಿ ಮಾತ್ರ ಸುಟ್ಟುಹೋಗಿದೆ. ಮುಂದಿನ ಸಲ ಎಕ್ಸ್‌ಪೋಷರ್ ಒಂದು ಸ್ಟಾಪ್ ಕಡಿಮೆ ಮಾಡಿ ತೆಗಿ, ಹಿಸ್ಟೋಗ್ರಾಂ ಬಲಗಡೆಗೆ ಅಂಟಿಕೊಂಡಿದೆಯಾ ನೋಡು.' ಇಷ್ಟು ಹೇಳಲು ಅರ್ಧ ನಿಮಿಷ ಸಾಕು. (ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧಕ್ಕೆ ಇಳಿಸುವುದು. ಹಿಸ್ಟೋಗ್ರಾಂ ಅಂದರೆ ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ, ಅದರ ಬಲತುದಿ ಅಂದರೆ ಅಚ್ಚ ಬಿಳಿ.)

ಹೇಳುವ ಮುಂಚೆ ಕೇಳಿ. ಎಷ್ಟೊತ್ತಿಗೆ ತೆಗೆದದ್ದು? ಎಷ್ಟು ದೂರದಿಂದ? ಶಟರ್ ಎಷ್ಟಿತ್ತು, ಅಂದರೆ ಬೆಳಕಿಗೆ ಎಷ್ಟು ಹೊತ್ತು ತೆರೆದಿತ್ತು? ಈ ಮೂರು ಪ್ರಶ್ನೆ ಕೇಳದೆ ತೀರ್ಪು ಕೊಟ್ಟರೆ ಏನಾಗುತ್ತದೆ ಅಂತ ನನ್ನ ಅನುಭವದಲ್ಲೇ ಇದೆ. ಒಂದು ಮಾರ್ಚ್‌ನಲ್ಲಿ ಕೊಪ್ಪಳ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿ ಪಟ್ಟೆತಲೆ ಹೆಬ್ಬಾತುಗಳ ಫೋಟೋ ತೆಗೆದೆ. ಒಂದೂ ಸ್ಪಷ್ಟ ಇಲ್ಲ. ಪರಿಚಯದವರೊಬ್ಬರು ನೋಡಿದ ಕೂಡಲೇ 'ಲೆನ್ಸ್ ಹೋಗಿದೆ' ಅಂದರು. ದುಡ್ಡು ಕೊಟ್ಟು ತೋರಿಸಿದೆ, ಲೆನ್ಸಿಗೆ ಏನೂ ಆಗಿರಲಿಲ್ಲ. ತೆಗೆದದ್ದು ಹತ್ತೂವರೆಗೆ, ಕಾದ ದಂಡೆಯ ಮೇಲಿಂದ, ತುಂಬಾ ದೂರಕ್ಕೆ. ನೆಲದಿಂದ ಏಳುವ ಬಿಸಿಗಾಳಿ ನಡುವೆ ನಡುಗುತ್ತಿದ್ದರೆ ಎಂಥ ಲೆನ್ಸ್ ಇದ್ದರೂ ಹಕ್ಕಿ ಕಲಸಿದ ಹಾಗೆ ಬರುತ್ತದೆ. ನಮ್ಮ ಸೀಮೆಯಲ್ಲಿ ಬೇಸಿಗೆಯ ಫೋಟೋ ಮಸುಕಾಗಿದ್ದರೆ ಮೊದಲು ಗಡಿಯಾರದ ಬಗ್ಗೆ ಕೇಳಬೇಕು.

ಆಮೇಲೆ ಕಣ್ಣು ನೋಡಿ. ಕಣ್ಣು ಶಾರ್ಪ್ ಇದ್ದು, ಅದರಲ್ಲಿ ಬೆಳಕಿನ ಚುಕ್ಕಿ ಇದ್ದರೆ ಉಳಿದ ಎಷ್ಟೋ ತಪ್ಪು ಮಾಫಿ. ಹಾರುವ ಹಕ್ಕಿಯ ರೆಕ್ಕೆ ಮಸುಕಾಗಿದ್ದರೆ ಶಟರ್ ವೇಗವನ್ನು 1/2000 ಸೆಕೆಂಡ್ ಆಸುಪಾಸಿಗೆ ಏರಿಸಲು ಹೇಳಿ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ, ಏರಿ ಫೋಟೋ ಕಾಳುಕಾಳಾಗುತ್ತದೆ ಅಂತ ಹೆದರುತ್ತಾರೆ. ಕಾಳುಕಾಳಾದ ಫೋಟೋವನ್ನು ಆಮೇಲೆ ಸ್ವಲ್ಪ ಸರಿಮಾಡಬಹುದು, ಅಲುಗಿದ ಫೋಟೋವನ್ನು ಆಗುವುದಿಲ್ಲ.

'ದೊಡ್ಡ ಲೆನ್ಸ್ ತಗೋ' ಅನ್ನಬೇಡಿ. 250 ಎಂಎಂ ಲೆನ್ಸ್ ಇರುವವನಿಗೆ ಅದು ಸಲಹೆಯಲ್ಲ, ನೋವು. ಬದುವಿನ ಮೇಲೆ ಕೂತು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿ, ಅರ್ಧ ಗಂಟೆ ಅಲುಗಾಡದೆ ಇರು ಅಂತ ಹೇಳಿ. ಅದಕ್ಕೆ ದುಡ್ಡು ಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಮೆತ್ತಗೆ ಮಾತಾಡುವುದಿಲ್ಲ. ಟಿಟ್ಟಿಭ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ತಾಯಿ-ತಂದೆ ಹೊಟ್ಟೆಯ ಗರಿ ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪಾಗಿಸುತ್ತವೆ. ನಾವು ಪಕ್ಕದಲ್ಲೇ ನಿಂತರೆ ಅವು ತಲೆ ಮೇಲೆ ಕೂಗುತ್ತಾ ಸುತ್ತುತ್ತವೆ, ಮೊಟ್ಟೆ ಬಿಸಿಲಲ್ಲಿ ಬೇಯುತ್ತದೆ. ಅಂಥ ಫೋಟೋ ಎಷ್ಟೇ ಚೆಂದ ಇರಲಿ, ಬೆಳಕು-ಫ್ರೇಮಿನ ಮಾತು ನಾನು ಎತ್ತುವುದಿಲ್ಲ. ತೆಗೆದವರನ್ನು ಪಕ್ಕಕ್ಕೆ ಕರೆದು ನೇರವಾಗಿ ಹೇಳುತ್ತೇನೆ: ಗೂಡಿನ ಹತ್ತಿರ ಹೋಗಬೇಡಿ, ಜಾಗ ಯಾರಿಗೂ ಹೇಳಬೇಡಿ. ನಾಲ್ಕು ಜನರ ಮುಂದೆ ಹೇಳಿದರೆ ಅವರು ವಾದಕ್ಕೆ ನಿಲ್ಲುತ್ತಾರೆ, ಹಕ್ಕಿಗೆ ಲಾಭ ಇಲ್ಲ.

ಇನ್ನು ಕೇಳುವವರ ಪಾಲು. ಇದು ಹೇಳುವುದಕ್ಕಿಂತ ಕಷ್ಟ.

ಮೂವತ್ತು ಫೋಟೋ ತೋರಿಸಬೇಡಿ, ಮೂರು ಸಾಕು. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೋ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಿ. ನಿಮಗೆ ಏನು ತಿಳಿಯಬೇಕು ಅಂತ ನೀವೇ ಹೇಳಿ. 'ಹೇಗಿದೆ?' ಅಂದರೆ 'ಚಲೋ ಐತಿ' ಅನ್ನುತ್ತಾರೆ. 'ಹಿಂದಿನ ಜೊಂಡು ಕಣ್ಣಿಗೆ ಅಡ್ಡ ಬರುತ್ತಾ?' ಅಂತ ಕೇಳಿದರೆ ನಿಜವಾದ ಉತ್ತರ ಬರುತ್ತದೆ.

ಅವರು ಮಾತಾಡುವಾಗ ಸಮಜಾಯಿಷಿ ಕೊಡಬೇಡಿ. ಕೆಸರಲ್ಲಿ ಎಷ್ಟು ನಡೆದಿರಿ, ಜಿಗಣೆ ಎಲ್ಲಿ ಹತ್ತಿತು, ಅದ್ಯಾವುದೂ ಫೋಟೋದಲ್ಲಿ ಕಾಣುವುದಿಲ್ಲ. ನಾನು ಮಿಲ್ಲಿನ ಹಳೆ ಲೆಕ್ಕದ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಕೈ ಬರೆಯುತ್ತಿದ್ದರೆ ಬಾಯಿ ಸುಮ್ಮನಿರುತ್ತದೆ.

ಹೇಳಿದ್ದನ್ನೆಲ್ಲ ಒಪ್ಪಬೇಕಿಲ್ಲ. ಮೆಟ್ಟುಗಾಲು ಹಕ್ಕಿಯ ಫೋಟೋ ಒಂದಕ್ಕೆ 'ಬಿಗಿಯಾಗಿ ಕ್ರಾಪ್ ಮಾಡಿ' ಅಂದರು, ಅಂದರೆ ಸುತ್ತಲಿನದನ್ನು ಕತ್ತರಿಸಿ ಅಂತ. ಎರಡು ದಿನ ಬಿಟ್ಟು ನೋಡಿದೆ. ಆ ಉದ್ದನೆ ಗುಲಾಬಿ ಕಾಲು, ನೀರಿನಲ್ಲಿ ಅದರ ನೆರಳು, ಅದೇ ನನಗೆ ಬೇಕಿತ್ತು. ಕ್ರಾಪ್ ಮಾಡಲಿಲ್ಲ. ಆದರೆ ಬೇರೆ ಬೇರೆ ದಿನ ಇಬ್ಬರು ಒಂದೇ ಮಾತು ಹೇಳಿದರೆ ನಾನು ಹಟ ಬಿಡುತ್ತೇನೆ. 'ನೀವು ಯಾವಾಗಲೂ ನಿಂತೇ ತೆಗೀತೀರಿ' ಅಂತ ಆ ಹುಡುಗನೂ ಹೇಳಿದ, ನಮ್ಮ ಗುಂಪಿನ ನಿವೃತ್ತ ಮಾಸ್ತರರೂ ಹೇಳಿದರು. ಮಂಡಿ ನೋವು ಅನ್ನುವುದು ನನ್ನ ನೆಪ.

ಸಲಹೆ ಮಾಡಿ ನೋಡಿದ ಮೇಲೆ ಆ ಫೋಟೋವನ್ನು ಹೇಳಿದವರಿಗೇ ಮೊದಲು ತೋರಿಸಿ. ಹೋದ ವಾರ ಮಣೆ ಹಾಕಿಕೊಂಡು ಬದುವಿನ ಮೇಲೆ ಕೂತು ತೆಗೆದ ಕಪ್ಪು-ಬಿಳಿ ಮಿಂಚುಳ್ಳಿಯನ್ನು ಮಾಸ್ತರರ ಮುಂದಿಟ್ಟೆ. ಅವರು ಮಿರ್ಚಿ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಹಕ್ಕಿಯ ತಲೆಯನ್ನು ದೊಡ್ಡದು ಮಾಡಿ ನೋಡಿದರು.

'ಈಗ ಕಣ್ಣು ಬಂತ್ ನೋಡ್ರಿ' ಅಂದರು. 'ಮುಂದಿನ ವಾರ ಒಂದೆರಡು ಹೆಜ್ಜಿ ಎಡಕ್ಕ ಕೂಡ್ರಿ. ಹಿಂದಿನ ಕರೆಂಟ್ ಕಂಬ ಹೋಗತೈತಿ.'